ಗಾಜಿನ ಕೆಳಗೆ ಬರೆದ ಹೆಸರು

ಅಂಗಡಿಯವನಾದ ನನ್ನ ಕಣ್ಣಿನಿಂದ ಅಳೆದರೆ ವತ್ಸಲಾ ವೇಣುಗೋಪಾಲ ಅಷ್ಟೇನೂ ಲಾಭದ ಗಿರಾಕಿಯಲ್ಲ. ವಯಸ್ಸು ಅರವತ್ತೊಂದು. ಎತ್ತರ ಐದಡಿಯ ಮೇಲೊಂದು ಇಂಚು. ಎಡ ಮಂಡಿ ಸವೆದಿದೆ, ಬಲಗಡೆಯದು ಅದೇ ದಾರಿ ಹಿಡಿದಿದೆ. ಮೈಮೇಲೆ ಹದಿನೈದು ವರ್ಷ ಹಳೆಯ ಮಳೆಕೋಟು, ಕಾಲಿಗೆ ಬೆಟ್ಟ ಹತ್ತುವ ಗಂಡಸರ ಬೂಟು. ಹೆಂಗಸರದ್ದಕ್ಕಿಂತ ಅಗ್ಗವೆಂದು ಕೊಂಡದ್ದು, ಮುಂದೆ ಹತ್ತಿ ತುರುಕಿದ್ದು. ಚೌಕಾಸಿಗೆ ನಿಂತರೆ ಎದುರಿಗಿದ್ದವನ ಚಹಾ ಆರಿಹೋಗುತ್ತದೆ. ನಗರಸಭೆಯಂಥ ಕೌನ್ಸಿಲ್ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಪಾರ್ಕಿಂಗ್ ಪರ್ಮಿಟ್ ಕೊಡುವ, ಅದಕ್ಕಿಂತ ಹೆಚ್ಚಾಗಿ ಕೊಡದಿರುವ ಕೆಲಸ ಮಾಡಿದವರು. ಇನ್ನೊಬ್ಬರ ಸಮಯ ತಿನ್ನುವುದು ಅವರಿಗೆ ರಕ್ತಗತ.

ಆದರೆ ಎರಡು ಭಾಗ ಮಾತ್ರ ಹೊಸದರಂತಿದ್ದವು. ಒಂದು ಕಣ್ಣು, ಇನ್ನೊಂದು ಕೈ. ಗಂಟೆಗೆ ಐನೂರು ಮೈಲಿ ವೇಗದಲ್ಲಿ ಕಣಿವೆಯೊಳಗೆ ನುಗ್ಗುವ ಯುದ್ಧವಿಮಾನವನ್ನು ಲೆನ್ಸಿನೊಳಗೆ ಹಿಡಿದು, ಅದರ ಜೊತೆಗೇ ಸೊಂಟ ತಿರುಗಿಸಿ, ಮೊಳೆಯ ತಲೆ ಎಣಿಸುವಷ್ಟು ಸ್ಪಷ್ಟವಾಗಿ ತೆಗೆಯಬಲ್ಲವರು ಲಂಡನ್ನಿನ ಅಂಚಿನ ಇಡೀ ಹ್ಯಾರೋದಲ್ಲಿ ಇಬ್ಬರೋ ಮೂವರೋ. ಅವರಲ್ಲಿ ಈಕೆ ಒಬ್ಬರು. ಉಳಿದವರು ವಿಮಾನಕ್ಕಾಗಿ ಹೋಗುತ್ತಿದ್ದರು. ಈಕೆಗೆ ವಿಮಾನದ ಮೇಲೆ ಕಾಸಿನಷ್ಟೂ ಮೋಹವಿರಲಿಲ್ಲ. ಅದರ ಸದ್ದಿಗೆ ತಲೆನೋವು ಬರುತ್ತಿತ್ತು.

ಆಕೆಗೆ ಬೇಕಾಗಿದ್ದದ್ದು ಒಳಗೆ ಕೂತವನ ಮುಖ.

ಒಳಗೆ ಕೂತವನು ಮಗ ಕಶ್ಯಪ್. ಮೈಸೂರಿನಿಂದ ಬಂದ ಡಾಕ್ಟರ ಮನೆಯಲ್ಲಿ, ಹ್ಯಾರೋದಲ್ಲಿ ಹುಟ್ಟಿ ಬೆಳೆದ ಹುಡುಗ. ಎರಡು ವರ್ಷ ಮೆಡಿಕಲ್ ಓದಿ, ಒಂದು ಭಾನುವಾರ ಮಧ್ಯಾಹ್ನ ಊಟದ ಮೇಜಿನಲ್ಲಿ, ಅದನ್ನು ಬಿಟ್ಟು ಬ್ರಿಟನ್ನಿನ ವಾಯುಪಡೆಗೆ ಸೇರಿದ್ದೇನೆಂದು ಇಂಗ್ಲಿಷಿನಲ್ಲಿ ಹೇಳಿದ. ಅಪ್ಪ ವೇಣುಗೋಪಾಲ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ಮನೆಯಲ್ಲಿ ಎಂದೂ ದನಿ ಏರಿಸಿದವರಲ್ಲ, ಅಂದೂ ಏರಿಸಲಿಲ್ಲ.

"ಮೂವತ್ತು ವರ್ಷ ಆಯ್ತು, ಮಲಗಿಸಿದೋರನ್ನೆಲ್ಲ ವಾಪಸ್ ಎಬ್ಬಿಸಿದೀನಿ," ಅಂದರು. "ನೀನು ಮಲಗಿಸಿ ಎಬ್ಬಿಸದೇ ಇರೋ ಕೆಲಸ ಹುಡುಕ್ಕೊಂಡೆ. ಈ ಮನೇಲಿ ಅದನ್ನ ಹೇಳ್ಕೊಂಡು ತಿರುಗಬೇಡ."

ಕಶ್ಯಪ್ ಅಮ್ಮನ ಕಡೆ ನೋಡಿದ. ವತ್ಸಲಾ ಒಲೆಯ ಮುಂದೆ ಚಪಾತಿ ಬೇಯಿಸುತ್ತಿದ್ದರು. ತಿರುಗಿದರು, ಮತ್ತೆ ಒಲೆಯ ಕಡೆಗೇ ತಿರುಗಿದರು, ಚಪಾತಿ ಸೀಯುತ್ತಿತ್ತು. ಆಮೇಲೆ ನನ್ನೊಂದಿಗೆ ಮಾತಾಡುವಾಗ ಇದನ್ನು ಎಷ್ಟು ಸಲ ಹೇಳಿದ್ದಾರೋ, ಪ್ರತಿ ಸಲವೂ ಚಪಾತಿ ನಿಜವಾಗಿಯೂ ಸೀಯುತ್ತಿತ್ತು ಎಂದು ಒತ್ತಿ ಹೇಳಿದ್ದಾರೆ.

ಹುಡುಗ ಹೋದ. ಫೋನ್ ನಂಬರು ಬದಲಾಯಿತು. ಮೊದಲ ವರ್ಷ ಒಂದೇ ಒಂದು ಸಂದೇಶ ಬಂತು: ಚೆನ್ನಾಗಿದ್ದೇನೆ, ದಯವಿಟ್ಟು ವಾಯುನೆಲೆಗೆ ಬರಬೇಡ. ಆದರೆ ನೆಲೆಯ ವಿಳಾಸವಿತ್ತು. ವತ್ಸಲಾ ಪ್ರತಿ ತಿಂಗಳ ಮೊದಲ ಶನಿವಾರ ಕಾಗದ ಬರೆಯತೊಡಗಿದರು. ಮಗನಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು, ಹಾಗಾಗಿ ಇಂಗ್ಲಿಷಿನಲ್ಲಿ. ಅವರಿಗೆ ಗೊತ್ತಿದ್ದ ಇಂಗ್ಲಿಷ್ ಬರವಣಿಗೆಯೋ ಕೌನ್ಸಿಲಿನದು. 'ಕಳೆದ ತಿಂಗಳ ಪತ್ರಕ್ಕೆ ಸಂಬಂಧಿಸಿದಂತೆ' ಎಂದು ಶುರುವಾಗಿ, ಅಪ್ಪನ ಬಿಪಿ, ಹಿತ್ತಿಲ ಬೇಲಿ, ಪಕ್ಕದ ಮನೆಯ ಬೆಕ್ಕು, ಎಲ್ಲಕ್ಕೂ ಒಂದೊಂದು ಪ್ಯಾರಾ. ಕೊನೆಗೆ, ತಮ್ಮ ಉತ್ತರವನ್ನು ನಿರೀಕ್ಷಿಸಲಾಗಿದೆ. ಉತ್ತರ ಬರಲಿಲ್ಲ. ಆದರೆ ಕಾಗದ ವಾಪಸ್ಸೂ ಬರಲಿಲ್ಲ. ಪರ್ಮಿಟ್ ವಿಭಾಗದ ಅನುಭವದಲ್ಲಿ ಅದಕ್ಕೆ ಒಂದೇ ಅರ್ಥ: ತಲುಪಿದೆ, ಯಾರೋ ಒಡೆದಿದ್ದಾರೆ.

ಹೀಗೆ ಮೂರು ವರ್ಷ ಕಳೆದ ಮೇಲೆ ಒಂದು ದಿನ ಅವರು ನನ್ನ ಅಂಗಡಿಯ ಕಿಟಕಿಯ ಮುಂದೆ ನಿಂತರು. ಸ್ಟೇಷನ್ನಿನ ಹಿಂದಿನ ರಸ್ತೆಯಲ್ಲಿ ಹಳೆಯ ಕ್ಯಾಮರಾ, ಲೆನ್ಸು ಕೊಂಡು ಮಾರುವ ಅಂಗಡಿ ನನ್ನದು. ಕಿಟಕಿಯಲ್ಲಿ ಒಂದು ದೊಡ್ಡ ಫೋಟೋ ತೂಗುಹಾಕಿದ್ದೆ: ಹಸಿರು ಬೆಟ್ಟದ ಮುಂದೆ ಒರಗಿದ ಬೂದು ವಿಮಾನ, ಗಾಜಿನೊಳಗೆ ಹೆಲ್ಮೆಟ್ ಹಾಕಿದ ತಲೆ, ನಮ್ಮ ಕಡೆಗೇ ತಿರುಗಿದ್ದು. ವಿಮಾನವನ್ನು ಮೇಲಿನಿಂದ ನೋಡಿ ತೆಗೆದಂತಿತ್ತು. ವತ್ಸಲಾ ಒಳಗೆ ಬಂದು, ಇದು ಹೇಗೆ ಸಾಧ್ಯ, ಇದನ್ನು ತೆಗೆದವನು ಇನ್ನೊಂದು ವಿಮಾನದಲ್ಲಿದ್ದನೇ ಎಂದು ಕೇಳಿದರು. ಇಲ್ಲ, ಬೆಟ್ಟದ ಮೇಲಿದ್ದ ಎಂದೆ. ವೇಲ್ಸಿನಲ್ಲಿ ಒಂದು ಕಣಿವೆ ಇದೆ, ವಾಯುಪಡೆಯವರು ಅಲ್ಲಿ ಇನ್ನೂರೈವತ್ತು ಅಡಿಗೆ ಇಳಿದು ಹಾರುವ ಅಭ್ಯಾಸ ಮಾಡುತ್ತಾರೆ, ಬೆಟ್ಟ ಅದಕ್ಕಿಂತ ಎತ್ತರ. ಮೇಲೆ ಕೂತವರಿಗೆ ವಿಮಾನ ಕಾಲ ಕೆಳಗೆ ಹೋಗುತ್ತದೆ.

"ಯಾರು ಬೇಕಾದ್ರೂ ಕೂರಬಹುದಾ?"

"ಕುರಿಗಳು ಒಪ್ಪಿದರೆ."

ಅವರು ನಗಲಿಲ್ಲ. ನೆಲೆಗೆ ಬರಬೇಡ ಎಂದಿದ್ದ ಮಗ ಬೆಟ್ಟಕ್ಕೆ ಬರಬೇಡ ಎಂದಿರಲಿಲ್ಲ. ನಿಯಮದಲ್ಲಿ ಇಲ್ಲದ್ದು ನಿಷಿದ್ಧವಲ್ಲ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು. ಆ ದಿನವೇ ಒಂದು ಹಳೆಯ ಕ್ಯಾಮರಾ, ದೂರದ್ದನ್ನು ಹತ್ತಿರ ತರುವ ಮುನ್ನೂರು ಮಿಲಿಮೀಟರಿನ ಲೆನ್ಸು ಕೊಂಡರು. ನನ್ನ ಚಹಾ ಎರಡು ಸಲ ಆರಿತು.

ಕಿಟಕಿಯ ಫೋಟೋ ತೆಗೆದವನು ಅಕ್ಸ್‌ಬ್ರಿಡ್ಜಿನ ಡೆರಿಕ್, ಟ್ಯೂಬ್ ರೈಲಿನ ನಿವೃತ್ತ ಡ್ರೈವರ್. ಮೂವತ್ತು ವರ್ಷ ನೆಲದಡಿಯಲ್ಲಿ ಕತ್ತಲು ನೋಡಿದವನು ಈಗ ಆಕಾಶ ಬಿಟ್ಟು ಬೇರೇನೂ ನೋಡುತ್ತಿರಲಿಲ್ಲ. ತಿಂಗಳಿಗೆ ಎರಡು ಸಲ ಅವನ ಕಾರಿನಲ್ಲಿ ವತ್ಸಲಾ ಹೊರಟರು. ಬೆಳಗಿನ ಜಾವ ಹ್ಯಾರೋ ಬಿಟ್ಟರೆ ಒಂಬತ್ತರ ಹೊತ್ತಿಗೆ ಬೆಟ್ಟದ ಬುಡ. ಪೆಟ್ರೋಲಿಗೆ ಬದಲಾಗಿ ಪುಳಿಯೋಗರೆ. ಅದು ಅವರಿಬ್ಬರ ಒಪ್ಪಂದ. ಮನೆಯಲ್ಲಿ ಗಂಡನಿಗೆ ಹಕ್ಕಿ ನೋಡುವ ಸಂಘ ಎಂದು ಹೇಳಿದ್ದರು. ವೇಣುಗೋಪಾಲ ಸಂಜೆ ಬಾಗಿಲು ತೆಗೆಯುವಾಗ "ಸಿಕ್ತಾ ಹಕ್ಕಿ?" ಎಂದು ಕೇಳುವರು, ಉತ್ತರಕ್ಕೆ ಕಾಯದೆ ಸಾರು ಬಿಸಿಗಿಡಲು ಹೋಗುವರು.

ಬೆಟ್ಟದ ಮೇಲೆ ಸಣ್ಣ ಗುಂಪು, ಅದಕ್ಕೊಂದು ಅಲಿಖಿತ ಕಟ್ಟಳೆ. ಯಾರೂ ಯಾರನ್ನೂ ಯಾಕೆ ಬಂದೆ ಎಂದು ಕೇಳುವುದಿಲ್ಲ. ಲೆನ್ಸಿನ ಬಗ್ಗೆ ಕೇಳಬಹುದು, ಗಾಳಿಯ ಬಗ್ಗೆ, ಬಾಲದ ಮೇಲಿನ ನಂಬರಿನ ಬಗ್ಗೆ. ಹೆಂಡತಿ ಬಿಟ್ಟುಹೋದ ವಿಷಯ, ಮಗ ಸತ್ತ ವಿಷಯ ಅಲ್ಲಿ ಇಲ್ಲ. ಬೆಳಗಿಂದ ಸಂಜೆವರೆಗೆ ಸ್ಪಂಜಿನ ಚಾಪೆಯ ಮೇಲೆ ಕೂತು, ಒಂದೂ ವಿಮಾನ ಬಾರದೆ ಇಳಿದ ದಿನಗಳೇ ಹೆಚ್ಚು. ಬಂದಾಗಲೂ ಮೊದಲು ಸದ್ದಿಲ್ಲ. ಕಣಿವೆಯ ತುದಿಯಲ್ಲಿ ಒಂದು ಚುಕ್ಕೆ, ಯಾರೋ ಒಬ್ಬ ಕೈ ಎತ್ತುತ್ತಾನೆ, ಎಲ್ಲರೂ ಏಳುತ್ತಾರೆ, ನಾಲ್ಕು ಸೆಕೆಂಡು, ಮುಗಿಯಿತು. ಸದ್ದು ಆಮೇಲೆ ಬಂದು ಎದೆಗೆ ಗುದ್ದುತ್ತದೆ. ವತ್ಸಲಾ ಒಂದು ವರ್ಷ ಬರೀ ಬಾಲ, ಬರೀ ಮೋಡ, ಒಮ್ಮೆ ಅತ್ಯುತ್ತಮವಾಗಿ ಒಂದು ಕುರಿ ತೆಗೆದರು. ಆಮೇಲೆ ಕೈ ಕುದುರಿತು.

ಜುಲೈ ತಿಂಗಳ ಒಂದು ಶುಕ್ರವಾರ ಅವರು ಅಂಗಡಿಗೆ ಬಂದದ್ದು ಬೇರೆ ರೀತಿ. ಮಳೆಕೋಟಿನ ಗುಂಡಿ ತಪ್ಪಾಗಿ ಹಾಕಿತ್ತು. ಒಂದು ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಕೊಡಿ ಎಂದರು. ಪರದೆಯ ಮೇಲೆ ಹಿಗ್ಗಿಸಿದೆ. ಬಾಲದ ನಂಬರು ನಲವತ್ತೊಂದು. ಪೈಲಟ್ ಕೂರುವ ಗಾಜಿನ ಕೆಳಗೆ, ಬೂದು ಬಣ್ಣದ ಮೇಲೆ ಇನ್ನೂ ಗಾಢ ಬೂದಿನಲ್ಲಿ, ಉಗುರಿನಷ್ಟು ಅಕ್ಷರ: ಫ್ಲೈಟ್ ಲೆಫ್ಟಿನೆಂಟ್ ಕೆ. ವೇಣುಗೋಪಾಲ. ಒಳಗೆ ಹೆಲ್ಮೆಟ್, ಕಪ್ಪು ಗಾಜು ಮುಖದ ಮೇಲೆ ಇಳಿದಿದೆ, ಬಾಯಿ ಮೂಗಿಗೆ ಮಾಸ್ಕು. ಒಂದು ಕೈ ಮೇಲೆತ್ತಿದೆ.

"ಕೈ ಬೀಸ್ತಾ ಇದಾನೆ," ಅಂದರು. "ನನಗೇ."

ಆಮೇಲೆ ಕೌಂಟರಿನ ಪಕ್ಕದ ಸ್ಟೂಲಿನ ಮೇಲೆ ಕೂತು, ಮೊದಲ ಸಲ, ನಾನಿಲ್ಲಿ ಹೇಳಿದ್ದನ್ನೆಲ್ಲ ಹೇಳಿದರು. ಊಟದ ಮೇಜು, ಚಪಾತಿ, ಕಾಗದ. ಕೊನೆಗೆ ಹೀಗೆಂದರು:

"ಇನ್ನು ಕಾಗದ ಸಾಕು ಅನ್ನಿಸ್ತಾ ಇದೆ. ಅವನಿಗೂ ಹಿಂಸೆ, ಪ್ರತಿ ತಿಂಗಳು ಅಮ್ಮನ ಪುರಾಣ. ನೋಡ್ತಾ ಇದೀನಲ್ಲ, ಅಷ್ಟು ಸಾಕು. ಬರೀ ಮುಖ ಒಂದು ಕಾಣಬೇಕು. ಇದಕ್ಕಿಂತ ದೊಡ್ಡ ಲೆನ್ಸ್ ಯಾವುದಿದೆ ನಿಮ್ಮಲ್ಲಿ?"

ಇಲ್ಲಿ ಒಂದು ವಿಷಯ ಹೇಳಬೇಕು. ವಿಮಾನದ ಮೇಲೆ ಪೈಲಟ್ಟಿನ ಹೆಸರು ಬರೆಯುವುದು ಗೌರವಕ್ಕೆ. ಆ ವಿಮಾನವನ್ನು ಅವನೇ ಹಾರಿಸುತ್ತಾನೆಂದಲ್ಲ. ಬೆಳಗ್ಗೆ ಯಾರ ಪಾಳಿ, ಯಾವ ವಿಮಾನ ಸಿದ್ಧವಿದೆ, ಅದನ್ನು ನೋಡಿ ಹತ್ತಿ ಹೋಗುತ್ತಾರೆ. ಹೆಸರಿನವನಿಗೆ ವರ್ಗವಾದರೂ, ಕೆಲಸ ಬಿಟ್ಟರೂ, ಮುಂದಿನ ಸಲ ಬಣ್ಣ ಬಳಿಯುವವರೆಗೆ ಅಕ್ಷರ ಹಾಗೇ ಇರಬಹುದು. ಈ ಹವ್ಯಾಸದವರಿಗೆಲ್ಲ ಇದು ಗೊತ್ತು. ಇಪ್ಪತ್ತು ವರ್ಷದಿಂದ ಅವರಿಗೆ ಲೆನ್ಸು ಮಾರುತ್ತಿರುವ ನನಗೂ ಗೊತ್ತು. ಬೆಟ್ಟದ ಮೇಲೆ ವತ್ಸಲಾ ಯಾರಿಗೂ ತನ್ನ ಮಗನ ಮಾತು ಎತ್ತಿರಲಿಲ್ಲ, ಆದ್ದರಿಂದ ಹೇಳಬೇಕಾದ ಸಂದರ್ಭ ಯಾರಿಗೂ ಬಂದಿರಲಿಲ್ಲ. ನನಗೆ ಬಂದಿತ್ತು. ನಾನು ಕಪಾಟು ತೆಗೆದು ಐನೂರರ ಲೆನ್ಸು ಇಳಿಸಿದೆ.

ಅಂದು ಅವರು ಅರ್ಧ ಗಂಟೆ ಮಾತ್ರ ಚೌಕಾಸಿ ಮಾಡಿದರು. ಸಂತೋಷದಲ್ಲಿದ್ದರು.

ಅಲ್ಲಿಂದ ಮುಂದೆ ಅವರ ಬದುಕಿಗೆ ಒಂದು ನಂಬರು ಬಂತು. ನಲವತ್ತೊಂದು. ಚಳಿ, ಮಂಜು, ವೇಲ್ಸಿನ ಅಡ್ಡಮಳೆ, ಮಂಡಿಗೆ ಜಿಪಿ ಡಾಕ್ಟರು ಕೊಟ್ಟ ಮಾತ್ರೆ, ಎಲ್ಲವನ್ನೂ ದಾಟಿ ಆ ಒಂದು ನಂಬರಿಗಾಗಿ ಕಾದರು. ಮೊದಲಿನದೂ ಸೇರಿ, ಇಪ್ಪತ್ತೆರಡು ತಿಂಗಳಲ್ಲಿ ಅದು ಅವರಿಗೆ ಏಳು ಸಲ ಸಿಕ್ಕಿತು. ಪ್ರತಿ ಸಲವೂ ಮುಖದ ಮೇಲೆ ಕಪ್ಪು ಗಾಜು. ಆದರೂ ವತ್ಸಲಾ ಪರದೆಯ ಮೇಲೆ ಹಿಗ್ಗಿಸಿ ಹಿಗ್ಗಿಸಿ ಓದುತ್ತಿದ್ದರು. ಭುಜ ಇಳಿದಿದೆ, ನಿದ್ದೆ ಸಾಲದು. ಈ ಸಲ ಕತ್ತು ನೆಟ್ಟಗಿದೆ, ಚೆನ್ನಾಗಿದ್ದಾನೆ. ಒಂದರಲ್ಲಿ ತಲೆ ತುಸು ಎಡಕ್ಕೆ ವಾಲಿತ್ತು. ಚಿಕ್ಕವನಿದ್ದಾಗ ಹೋಂವರ್ಕ್ ಮಾಡುವಾಗ ಹಾಗೇ ವಾಲಿಸುತ್ತಿದ್ದ. ತಿಂಗಳ ಮೊದಲ ಶನಿವಾರಗಳು ಖಾಲಿಯಾದವು. ಅವರಿಗೆ ಅದರ ಕೊರತೆ ಅನಿಸಲಿಲ್ಲ. ಒಮ್ಮೆ ಸ್ಟ್ಯಾನ್ಮೋರಿನಲ್ಲಿ ಮೈಸೂರಿನವರ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಯಾರೋ ಮಗನ ಬಗ್ಗೆ ಕೇಳಿದಾಗ, ಆರು ವರ್ಷದಲ್ಲಿ ಮೊದಲ ಬಾರಿಗೆ ಮಾತು ತಪ್ಪಿಸದೆ, ಹೋದ ವಾರವಷ್ಟೇ ನೋಡಿ ಬಂದೆ ಎಂದರಂತೆ. ಪಕ್ಕದಲ್ಲಿದ್ದ ವೇಣುಗೋಪಾಲ ಕೈಯಲ್ಲಿದ್ದ ಪ್ರಸಾದ ಬಾಯಿಗಿಡಲಿಲ್ಲ.

ಈ ವರ್ಷದ ಮೇ ತಿಂಗಳ ಒಂದು ಮಂಗಳವಾರ, ಆಕಾಶ ತೊಳೆದಿಟ್ಟಂತಿತ್ತು. ಹನ್ನೊಂದೂಕಾಲಿಗೆ ಡೆರಿಕ್ ಕೈ ಎತ್ತಿದ. ವತ್ಸಲಾ ಎದ್ದರು, ಮಂಡಿ ಕಟಕಟ ಎಂದಿತು, ಲೆನ್ಸು ಏರಿತು. ವಿಮಾನ ಕಣಿವೆಯ ತಿರುವಿನಲ್ಲಿ ಒಂದು ಪಕ್ಕಕ್ಕೆ ಪೂರ್ತಿ ಮಲಗಿ, ಬೆಳಕನ್ನೆಲ್ಲ ಗಾಜಿನ ಮೇಲೆ ತೆಗೆದುಕೊಂಡು, ಅವರ ಕಾಲಡಿಯಲ್ಲಿ ಹಾದುಹೋಯಿತು. ಆ ನಾಲ್ಕು ಸೆಕೆಂಡಿನಲ್ಲಿ ಅವರ ಸೊಂಟ, ಕೈ, ಉಸಿರು ಒಂದೂ ತಪ್ಪಲಿಲ್ಲ.

ಕ್ಯಾಮರಾದ ಹಿಂಬದಿಯ ಪರದೆಯಲ್ಲಿ ನೋಡಿದರು. ನಲವತ್ತೊಂದು. ಹಿಗ್ಗಿಸಿದರು. ಕೆ. ವೇಣುಗೋಪಾಲ, ಒಂದೊಂದು ಅಕ್ಷರವೂ. ಇನ್ನೂ ಹಿಗ್ಗಿಸಿದರು. ಮುಖದ ಕಪ್ಪು ಗಾಜು ಈ ಸಲ ಮೇಲಕ್ಕೆ ಸರಿದಿತ್ತು. ಮಾಸ್ಕಿನ ಮೇಲೆ ಎರಡು ಕಣ್ಣು, ನೇರವಾಗಿ ಅವರನ್ನೇ ನೋಡುತ್ತಿದ್ದವು.

ನೀಲಿ ಕಣ್ಣು. ಸುತ್ತ ಗುಲಾಬಿ ಬಿಳುಪಿನ ಚರ್ಮ. ಗೋಧಿ ಬಣ್ಣದ ಹುಬ್ಬು.

ಪಕ್ಕದಲ್ಲಿದ್ದವರು ಇಣುಕಿದರು. ಒಬ್ಬ ಶಿಳ್ಳೆ ಹಾಕಿದ. ಇಂಥ ಚಿತ್ರ ಈ ಬೆಟ್ಟದಲ್ಲಿ ವರ್ಷಕ್ಕೊಂದು ಬೀಳುವುದು ಕಷ್ಟ ಎಂದು ಡೆರಿಕ್ ಅವರ ಬೆನ್ನು ತಟ್ಟಿದ. ಎಲ್ಲರೂ ಸರದಿಯಲ್ಲಿ ಬಂದು ನೋಡಿ ಅಭಿನಂದಿಸಿದರು. ವತ್ಸಲಾ ಎಲ್ಲರಿಗೂ ಥ್ಯಾಂಕ್ಯೂ ಹೇಳಿದರು. ಇಪ್ಪತ್ತೆರಡು ವರ್ಷದ ಕೌಂಟರಿನ ಅಭ್ಯಾಸ. ಆಮೇಲೆ ಡೆರಿಕ್‌ನನ್ನು ಕೇಳಿದರು, ಇವರು ಇವತ್ತು ಬೇರೆಯವರ ವಿಮಾನ ತಂದಿದ್ದಾರಲ್ಲ, ಯಾಕೆ ಎಂದು. ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಕ್ಕು, ಹೆಸರು ಬರೀ ಬಣ್ಣ ಕಣಮ್ಮಾ, ಎಲ್ಲರೂ ಎಲ್ಲವನ್ನೂ ಹಾರಿಸುತ್ತಾರೆ, ಆ ಹೆಸರಿನವನು ಈಗ ಅಲ್ಲಿದ್ದಾನೋ ಇಲ್ಲವೋ ಯಾರಿಗೆ ಗೊತ್ತು ಎಂದ. ತಾನು ನಿನ್ನೆ ಓಡಿಸಿದ ರೈಲನ್ನು ಇವತ್ತು ಇನ್ನೊಬ್ಬ ಓಡಿಸುತ್ತಿರಲಿಲ್ಲವೇ, ಹಾಗೆ. ನಗುತ್ತಾ ನಗುತ್ತಾ ಅವರ ಮುಖ ನೋಡಿದ. ಕ್ಯಾಮರಾದ ಪರದೆಯ ಮೇಲಿನ ಹೆಸರು ನೋಡಿದ. ಪುಳಿಯೋಗರೆ ಡಬ್ಬಿಯ ಮುಚ್ಚಳದ ಮೇಲೆ ಅದೇ ಹೆಸರಿನ ಚೀಟಿ ಅಂಟಿಸಿತ್ತು. ಅವನು ಕಟ್ಟಳೆ ಮುರಿಯಲಿಲ್ಲ. ಕೇಳಲಿಲ್ಲ. ಅವರ ಬ್ಯಾಗನ್ನೂ ತಾನೇ ಹೊತ್ತು ಬೆಟ್ಟ ಇಳಿದ.

ಹ್ಯಾರೋವರೆಗಿನ ನಾಲ್ಕೂವರೆ ಗಂಟೆ ವತ್ಸಲಾ ಏಳು ಚಿತ್ರಗಳನ್ನು ಒಂದೊಂದಾಗಿ ಮನಸ್ಸಿನಲ್ಲೇ ತಿರುವಿ ಹಾಕಿದರು. ನಿದ್ದೆ ಸಾಲದ ಭುಜ ಯಾರದೋ. ನೆಟ್ಟಗಿನ ಕತ್ತು ಯಾರದೋ. ಎಡಕ್ಕೆ ವಾಲಿದ ತಲೆ ಇನ್ಯಾವುದೋ ತಾಯಿಯ ಮಗನದು. ಎತ್ತಿದ ಕೈ, ಅದು ಕೈ ಬೀಸಿದ್ದೋ, ಒಳಗಿನ ಯಾವುದೋ ಗುಂಡಿ ಒತ್ತಲು ಎತ್ತಿದ್ದೋ.

ಬಾಗಿಲು ತೆಗೆದ ವೇಣುಗೋಪಾಲ ಎಂದಿನಂತೆ ಹಕ್ಕಿ ಸಿಕ್ತಾ ಎಂದು ಕೇಳಿ ಸಾರಿನ ಕಡೆ ತಿರುಗಿದರು. ವತ್ಸಲಾ ಕ್ಯಾಮರಾವನ್ನು ಗಂಡನ ಕೈಗೇ ಕೊಟ್ಟರು. ಅವರು ಓದುವ ಕನ್ನಡಕ ಹುಡುಕಿ ಹಾಕಿಕೊಂಡರು. ಆರು ವರ್ಷದಲ್ಲಿ ಆ ಮನೆಯೊಳಗೆ ಆ ಹೆಸರನ್ನು ಯಾರೂ ಓದಿರಲಿಲ್ಲ. ಅವರು ಅದನ್ನು ತುಟಿ ಅಲುಗಿಸಿ ಓದಿದರು, ಮತ್ತೆ ಓದಿದರು. ಆಮೇಲೆ ಮೇಲಕ್ಕೆ, ಕಣ್ಣುಗಳ ಕಡೆಗೆ ಬಂದರು.

"ಇದು ಯಾರ ಕಣ್ಣು?"

"ಗೊತ್ತಿಲ್ಲ."

"ಹಾಗಾದ್ರೆ ಅವನೆಲ್ಲಿ?"

"ಗೊತ್ತಿಲ್ಲ ಅಂದೆನಲ್ಲ."

ವೇಣುಗೋಪಾಲ ಕ್ಯಾಮರಾ ಹಿಡಿದುಕೊಂಡೇ ಕೂತರು. ಒಲೆಯ ಮೇಲೆ ಸಾರು ಉಕ್ಕಿ ಬೆಂಕಿ ಆರಿಸಿತು. ಇಬ್ಬರೂ ಏಳಲಿಲ್ಲ.

ಮುಂದಿನ ಶನಿವಾರ ತಿಂಗಳ ಮೊದಲನೆಯದಲ್ಲ. ಆದರೂ ವತ್ಸಲಾ ಕಾಗದ ಬರೆದರು. ಈ ಸಲ 'ಕಳೆದ ತಿಂಗಳ ಪತ್ರಕ್ಕೆ ಸಂಬಂಧಿಸಿದಂತೆ' ಎಂದು ಶುರು ಮಾಡಲು ಆಗಲಿಲ್ಲ, ಕಳೆದ ತಿಂಗಳ ಪತ್ರವೇ ಇರಲಿಲ್ಲ. ಕೆಳಗೆ ಎರಡು ಸಾಲು ಜಾಗ ಬಿಟ್ಟು ಗಂಡನ ಮುಂದೆ ಇಟ್ಟರು. ವೇಣುಗೋಪಾಲ ಪೆನ್ನು ಹಿಡಿದು ಬಹಳ ಹೊತ್ತು ಕೂತು, ಡಾಕ್ಟರ ಅಕ್ಷರದಲ್ಲಿ ಬರೆದದ್ದು ಇಷ್ಟೇ: ಮನೆಗೆ ಬಾ. ಇಂತಿ, ಅಪ್ಪ. ಮೂರು ವಾರಕ್ಕೆ ಲಕೋಟೆ ಒಡೆಯದೆ ವಾಪಸ್ ಬಂತು. ಈ ಹೆಸರಿನವರು ಇಲ್ಲಿಲ್ಲ ಎಂದು ಮೇಲೊಂದು ಮುದ್ರೆ. ನೆಲೆಗೆ ಫೋನ್ ಮಾಡಿದರೆ, ಸಿಬ್ಬಂದಿಯ ವಿಷಯ ಹೊರಗಿನವರಿಗೆ ಹೇಳುವಂತಿಲ್ಲ ಎಂದು ಬಹಳ ವಿನಯದಿಂದ ಹೇಳಿದರು. ವತ್ಸಲಾಗೆ ಆ ವಿನಯ ಚೆನ್ನಾಗಿ ಗೊತ್ತು. ಅವರು ಜೀವನವಿಡೀ ಅದನ್ನೇ ಬಳಸಿದ್ದರು.

ನಾಲ್ಕು ವರ್ಷ ತಿಂಗಳು ತಪ್ಪದೆ ಕಾಗದ ತಲುಪುತ್ತಿತ್ತು, ಒಂದೂ ವಾಪಸ್ ಬಂದಿರಲಿಲ್ಲ. ಒಂದು ಜುಲೈಯಲ್ಲಿ ಅದು ನಿಂತಿತು. ಅತ್ತ ಕಡೆ ಕಾಗದ ಒಡೆಯುತ್ತಿದ್ದವನು ಎಷ್ಟು ತಿಂಗಳು ಕಾದನೋ, ಯಾವಾಗ ಹೊಸ ವಿಳಾಸ ತಿಳಿಸುವುದು ಬೇಡವೆಂದುಕೊಂಡನೋ. ಅಮ್ಮನೂ ಕೊನೆಗೆ ಒಲೆಯ ಕಡೆ ತಿರುಗಿದಳು ಎಂದೇ ಅವನು ತಿಳಿದಿರಬೇಕು. ಇದು ನನ್ನ ಊಹೆಯಲ್ಲ, ವತ್ಸಲಾ ಅವರದ್ದು. ಅವರಿಗೆ ಈಗ ದಿನಕ್ಕೆ ಅದೊಂದೇ ಕೆಲಸ.

ಜೂನ್ ಕೊನೆಯಲ್ಲಿ ಎಲ್ಲವನ್ನೂ ಅಂಗಡಿಗೆ ತಂದರು. ಕ್ಯಾಮರಾ, ಐನೂರರ ಲೆನ್ಸು, ಸ್ಪಂಜಿನ ಚಾಪೆ ಕೂಡ. ನಾನು ಒಂದು ಬೆಲೆ ಹೇಳಿದೆ. ಬೇಕೆಂದೇ ಕಡಿಮೆ ಹೇಳಿದೆ, ಜಗಳಕ್ಕೆ ಬರಲಿ ಎಂದು, ಚಹಾ ಆರಲಿ ಎಂದು. ಅವರು ಆಯ್ತು ಎಂದರು. ನಾನೇ ಏರಿಸಿದೆ. ಅದಕ್ಕೂ ಆಯ್ತು ಎಂದರು. ಸ್ಟೂಲಿನ ಮೇಲೆ ಕೂರಲಿಲ್ಲ. ಡೆರಿಕ್ ಹೇಳಿದ್ದನ್ನು, ಕಾಗದ ವಾಪಸ್ ಬಂದದ್ದನ್ನು ನಿಂತೇ ಹೇಳಿದರು. ಕಿಟಕಿಯ ಫೋಟೋದ ಕಡೆ ಒಮ್ಮೆಯೂ ನೋಡಲಿಲ್ಲ.

ನಾನು ಲೆನ್ಸನ್ನು ಒರೆಸುತ್ತಾ ನಿಂತಿದ್ದೆ. ಅದರ ಮೇಲೆ ಧೂಳಿರಲಿಲ್ಲ.

ಬಾಗಿಲ ಹತ್ತಿರ ಹೋದವರು ತಿರುಗಿ, ನನ್ನ ಮುಖದಲ್ಲಿ ಏನು ಕಂಡರೋ, ನನಗೇ ಸಮಾಧಾನ ಹೇಳಿದರು.

"ಇರಲಿ ಬಿಡಿ. ನಿಮಗೂ ಗೊತ್ತಿರಲಿಲ್ಲವಲ್ಲ."

ನಾನು ಹೌದು ಎಂಬಂತೆ ತಲೆಯಾಡಿಸಿದೆ.

ನನಗೆ ಗೊತ್ತಿತ್ತು. ವತ್ಸಲಾ ಅವರಿಗೆ ನಾನು ಇಪ್ಪತ್ತೆರಡು ತಿಂಗಳು ಕೊಡಬೇಕು.